ಬಿಳಿ ಡ್ರಯಾಸ್‌ನಲ್ಲಿ ಯಾವುದು ಯಾವುದು? ಎಲೆ ಮಗುಚಿ ನೋಡಿ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿರುವ ನಮ್ಮಂಥವರಿಗೆ ಟುಂಡ್ರಾ ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಸ್ಟೀಸ್ ಹೆದ್ದಾರಿಯಲ್ಲಿ ನೂರು ಮೈಲಿ ಮೇಲೆ ಸ್ವಲ್ಪ ಹೋದರೆ ಈಗಲ್ ಸಮಿಟ್ ಸಿಗುತ್ತದೆ. ಎತ್ತರ 3,600 ಅಡಿಗಿಂತ ಒಂಚೂರು ಜಾಸ್ತಿ, ಅಷ್ಟೆ. ಆದರೆ ಅಲ್ಲಿ ಮರ ಅನ್ನುವುದು ಹೆಸರಿಗೂ ಇಲ್ಲ. ಜೂನ್ ಮೂರನೇ ವಾರ ಜನ ನಡುರಾತ್ರಿಯ ಸೂರ್ಯನನ್ನು ನೋಡಲು ಬರುತ್ತಾರೆ. ನಾನು ನೆಲದ ಮೇಲೆ ಬೋರಲು ಮಲಗಿ ಡ್ರಯಾಸ್ ನೋಡುತ್ತಿರುತ್ತೇನೆ. ಸೊಳ್ಳೆ ಕಾಟಕ್ಕೆ ತಲೆಗೆ ಬಲೆ ಬೇಕೇ ಬೇಕು.

ಡ್ರಯಾಸ್ ಗುಲಾಬಿ ಕುಟುಂಬದ ಗಿಡ. ನೆಲಕ್ಕೆ ಅಂಟಿಕೊಂಡು ಚಾಪೆ ಹಾಸಿದಂತೆ ಹರಡುತ್ತದೆ. ಹೂವು ಬಿಳಿ, ಸಾಮಾನ್ಯವಾಗಿ ಎಂಟು ಎಸಳು, ನಡುವೆ ಹಳದಿ ಕೇಸರ. ಸೂರ್ಯ ಹೋದ ಕಡೆಗೆ ಮುಖ ತಿರುಗಿಸುತ್ತದೆ, ಹಾಗಾಗಿ ಫೋಟೊ ಚೆನ್ನಾಗಿ ಬರುತ್ತದೆ. ಎಲ್ಲರೂ ಅದನ್ನೇ ತೆಗೆಯುತ್ತಾರೆ. ಜಾತಿ ಹೇಳಲು ಮಾತ್ರ ಆ ಫೋಟೊ ಉಪಯೋಗಕ್ಕೆ ಬರುವುದಿಲ್ಲ.

ನಾನು ಇಲ್ಲಿ ನೋಡುವ ಡ್ರಯಾಸ್ ಜಾತಿಗಳು ಮೂರು. ಅದರಲ್ಲಿ ಒಂದು ಸುಲಭ. ಡ್ರಮಂಡಿ ಹಳದಿ ಹೂವಿನದು. ಅರ್ಧ ಅರಳಿ ತಲೆ ತಗ್ಗಿಸಿಕೊಂಡಿರುತ್ತದೆ. ನದಿ ಪಾತ್ರದ ಜಲ್ಲಿಕಲ್ಲಿನಲ್ಲಿ ಬೆಳೆಯುತ್ತದೆ. ಅದನ್ನು ಬಿಡಿ.

ತಲೆನೋವು ಇರುವುದು ಬಿಳಿಯವೆರಡರಲ್ಲಿ: ಆಕ್ಟೊಪೆಟಲಾ ಮತ್ತು ಇಂಟಿಗ್ರಿಫೋಲಿಯಾ. ನಾನು ಮೊದಲು ಎಲೆಯ ಅಂಚು ನೋಡುತ್ತೇನೆ. ಆಕ್ಟೊಪೆಟಲಾದ ಎಲೆಗೆ ಬುಡದಿಂದ ತುದಿಯವರೆಗೂ ದುಂಡನೆ ಹಲ್ಲುಗಳು. ನರಗಳು ಒಳಗೆ ಇಳಿದು ಮೇಲ್ಮೈ ಸುಕ್ಕುಸುಕ್ಕಾಗಿರುತ್ತದೆ. ಇಂಟಿಗ್ರಿಫೋಲಿಯಾದ ಎಲೆ ನುಣುಪು, ಹೊಳಪು. ಅಂಚು ಕೆಳಕ್ಕೆ ಸುರುಳಿ ಸುತ್ತಿರುತ್ತದೆ. ಹಲ್ಲು ಇರುವುದಿಲ್ಲ, ಇದ್ದರೂ ಬುಡದ ಹತ್ತಿರ ಒಂದೆರಡು. ಆಮೇಲೆ ಎಲೆಯನ್ನು ಕೀಳದೆ ಬೆರಳಿನಲ್ಲೇ ಮಗುಚಿ, ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯುತ್ತೇನೆ. ಭೂತಗನ್ನಡಿ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಮುಖವನ್ನೇ ಗಿಡದ ಹತ್ತಿರ ಒಯ್ಯಬೇಕು. ಎರಡಕ್ಕೂ ಅಡಿಯಲ್ಲಿ ಬಿಳಿ ನವಿರು ಇದೆ. ಆದರೆ ಆಕ್ಟೊಪೆಟಲಾದ ನಡುನರದ ಮೇಲೆ ಕಂದು ಬಣ್ಣದ, ಕವಲೊಡೆದ ಕೂದಲು ಕಾಣುತ್ತದೆ. ಇಂಟಿಗ್ರಿಫೋಲಿಯಾದಲ್ಲಿ ಅದು ಇಲ್ಲ. ಅಲ್ಲಿಗೆ ಮುಕ್ಕಾಲು ಪಾಲು ಸಂದೇಹ ಮುಗಿಯುತ್ತದೆ.

ಉಳಿದ ಕಾಲು ಪಾಲು ಮಿಶ್ರತಳಿಗಳದ್ದು. ಎರಡೂ ಒಂದೇ ಕಡೆ ಬೆಳೆದರೆ ಕೂಡಿಕೊಳ್ಳುತ್ತವೆ. ಡಾಲ್ಟನ್ ಹೆದ್ದಾರಿಯಲ್ಲಿ ಉತ್ತರಕ್ಕೆ, ಬ್ರೂಕ್ಸ್ ಪರ್ವತಗಳ ಕಡೆ ಹೋದರೆ ಇಂಟಿಗ್ರಿಫೋಲಿಯಾ ಬೇಕಾದಷ್ಟಿದೆ. ಅಲ್ಲಿ ಅರ್ಧ ಎಲೆಗೆ ಮಾತ್ರ ಹಲ್ಲಿರುವ ಗಿಡ ಸಿಕ್ಕರೆ ನಾನು ‘ಮಿಶ್ರ ಇರಬಹುದು’ ಎಂದು ಬರೆದು ಮುಂದೆ ಹೋಗುತ್ತೇನೆ. ಸುಮ್ನೆ ಒಂದು ಹೆಸರು ಅಂಟಿಸುವುದಕ್ಕಿಂತ ಅದೇ ವಾಸಿ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಆಕ್ಟೊಪೆಟಲಾದ ಒಳಗಿನದೇ ಒಂದು ಜಗಳ. ದಿಬ್ಬದ ನೆತ್ತಿಯಲ್ಲಿ ಗಾಳಿ ಹಿಮವನ್ನು ಗುಡಿಸಿಬಿಡುತ್ತದೆ. ಅಲ್ಲಿನ ಗಿಡಗಳ ಎಲೆ ಸಣ್ಣದು, ಅಡಿಯಲ್ಲಿ ದಟ್ಟ ನವಿರು. ಕೆಲವೇ ಹೆಜ್ಜೆ ಕೆಳಗೆ, ಹಿಮ ತಡವಾಗಿ ಕರಗುವ ತಗ್ಗಿನಲ್ಲಿ ಎಲೆ ದೊಡ್ಡದು, ನವಿರು ಕಡಿಮೆ. ಹೂವೂ ತಡ. ನೀರು ಗೊಬ್ಬರದ ವ್ಯತ್ಯಾಸ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಇದೇ ಸೀಮೆಯ ಈಗಲ್ ಕ್ರೀಕ್‌ನಲ್ಲಿ ಮ್ಯಾಕ್‌ಗ್ರಾ ಮತ್ತು ಆಂಟೊನೊವಿಕ್ಸ್ ಎಂಬ ವಿಜ್ಞಾನಿಗಳು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ನೆಟ್ಟು ನೋಡಿದರು. ಫಲಿತಾಂಶ 1983ರಲ್ಲಿ ಪ್ರಕಟವಾಯಿತು: ಒಂದೊಂದೂ ತನ್ನ ಜಾಗದಲ್ಲೇ ಚೆನ್ನಾಗಿ ಬದುಕುತ್ತದೆ. ಅಂದರೆ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದು. ತಗ್ಗಿನದಕ್ಕೆ ಅಲಾಸ್ಕೆನ್ಸಿಸ್ ಎಂದು ಬೇರೆ ಹೆಸರೂ ಇದೆ. ಇದನ್ನು ಓದಿದ ಮೇಲೆ ಗಿಡದ ಫೋಟೊ ಜೊತೆ ಅದು ನಿಂತ ಜಾಗದ ಫೋಟೊವನ್ನೂ ತಪ್ಪದೆ ತೆಗೆಯುತ್ತೇನೆ. ನೆತ್ತಿಯೋ ತಗ್ಗೋ, ಪಕ್ಕದಲ್ಲಿ ಹಿಮ ಉಳಿದಿದೆಯೋ ಎಲ್ಲವೂ ಅದರಲ್ಲಿ ಬರಬೇಕು.

ಹೆಸರುಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಅಲಾಸ್ಕಾದ ಆಕ್ಟೊಪೆಟಲಾವನ್ನು ಈಗ ಹಲವರು ಅಜಾನೆನ್ಸಿಸ್ ಎಂದು ಬರೆಯುತ್ತಾರೆ. ಒಣಗಿಸಿದ ಗಿಡ ಅಂಟಿಸಿಟ್ಟ ಹಳೆಯ ಹಾಳೆಗಳಲ್ಲಿ ಹಳೆಯ ಹೆಸರೇ ಇರುತ್ತದೆ. ನಾನು ಎರಡನ್ನೂ ಬರೆದಿಟ್ಟುಕೊಳ್ಳುತ್ತೇನೆ. ಅನುಮಾನ ಬಂದಾಗ ನಮ್ಮೂರ ವಿಶ್ವವಿದ್ಯಾಲಯದ ಮ್ಯೂಸಿಯಂ ಆಫ್ ದ ನಾರ್ತ್‌ನಲ್ಲಿರುವ ಒಣಗಿಸಿದ ಗಿಡಗಳ ಸಂಗ್ರಹದ ಜೊತೆ ಹೋಲಿಸಿ ನೋಡುತ್ತೇನೆ.

ಹೂವಿನ ಕಾಲಕ್ಕೇ ಹೋಗಬೇಕು ಅಂತೇನೂ ಇಲ್ಲ. ಡ್ರಯಾಸ್ ಎಲೆ ಗಟ್ಟಿ. ಎಷ್ಟು ಗಟ್ಟಿಯೆಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಕೆರೆಗಳ ಜೇಡಿಮಣ್ಣಿನಲ್ಲಿ ಅದು ಹಾಗೇ ಉಳಿದಿತ್ತು. ಸುಮಾರು 12,900ರಿಂದ 11,700 ವರ್ಷಗಳ ಹಿಂದಿನ ಕಡುಚಳಿಯ ಕಾಲಘಟ್ಟಕ್ಕೆ ‘ಯಂಗರ್ ಡ್ರಯಾಸ್’ ಎಂಬ ಹೆಸರು ಬಂದದ್ದು ಹಾಗೆ. ಒಣಗಿದ ಎಲೆಯೂ ಕಾಂಡಕ್ಕೆ ವರ್ಷಗಟ್ಟಲೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಸೊಳ್ಳೆ ಕಡಿಮೆಯಾದ ಸೆಪ್ಟೆಂಬರ್‌ನಲ್ಲೂ, ಹೊಸ ಹಿಮ ಬೀಳುವ ಮುಂಚೆ, ಈ ಕೆಲಸ ಆರಾಮಾಗಿ ಮಾಡಬಹುದು.