ಇಬ್ಬರು ಮಕ್ಕಳು, ಮೂರು ಗಾಡಿ

ಮಗಳು ಹುಟ್ಟುವ ಮೊದಲೇ ನಮ್ಮ ಮನೆಗೆ ಸ್ಟ್ರಾಲರ್, ಅಂದರೆ ಮಗುವನ್ನಿಟ್ಟು ತಳ್ಳುವ ಗಾಡಿ, ಬಂದಿತ್ತು. ದೊಡ್ಡ ಚಕ್ರ, ದಪ್ಪ ಮೆತ್ತೆ, ಕೆಳಗೆ ಅಗಲವಾದ ಬುಟ್ಟಿ. ಅಂಗಡಿಯ ನುಣುಪು ನೆಲದ ಮೇಲೆ ಖಾಲಿ ಗಾಡಿಯನ್ನು ಒಂದೇ ಬೆರಳಲ್ಲಿ ತಳ್ಳಿ ಖುಷಿಪಟ್ಟಿದ್ದೆ. ತೂಕ ಎಷ್ಟು ಅಂತ ಕೇಳಬೇಕು ಅನ್ನಿಸಲೇ ಇಲ್ಲ. 13 ಕೆ.ಜಿ. ಇತ್ತು. ನಾವಿದ್ದದ್ದು ಎರಡನೇ ಮಹಡಿ, ಲಿಫ್ಟ್ ಇರಲಿಲ್ಲ.

ಹಾಗಂತ ಅದನ್ನು ಪೂರ್ತಿ ದೂರುವ ಹಾಗಿಲ್ಲ. ಅದರ ಸೀಟು ಹಾಸಿಗೆಯಂತೆ ಚಪ್ಪಟೆಯಾಗಿ ಮಲಗುತ್ತಿತ್ತು. ಎಳೆ ಮಗುವಿಗೆ ಕತ್ತು ನಿಂತಿರುವುದಿಲ್ಲ. ಒರಗಿ ಕೂರಿಸಿದರೆ ತಲೆ ಮುಂದಕ್ಕೆ ವಾಲಿ, ಗದ್ದ ಎದೆಗೆ ಒತ್ತಿ ಉಸಿರಾಟಕ್ಕೆ ತೊಂದರೆಯಾಗಬಹುದು. ಆದ್ದರಿಂದ ಮಗು ತಾನಾಗಿ ಕೂರುವವರೆಗೆ, ಅಂದರೆ ಸುಮಾರು 6 ತಿಂಗಳವರೆಗೆ, ಮಲಗಿಸಿಕೊಂಡೇ ಹೋಗುವಂಥ ಗಾಡಿ ಬೇಕು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಆಮೇಲೆ ಮಗಳ ತೂಕ ಏರಿತು, ನನ್ನ ಸೊಂಟ ಕೈಕೊಟ್ಟಿತು. ಗಾಡಿ ಕೆಳಗಿನ ಮೆಟ್ಟಿಲ ಪಕ್ಕ ಧೂಳು ತಿನ್ನುತ್ತಾ ಕೂತಿತು.

ಎರಡನೆಯದು ಛತ್ರಿಯಂತೆ ಮಡಚುವ ಹಗುರ ಗಾಡಿ. ಈ ಥರದ್ದನ್ನು ರೂಪಿಸಿದವರು ಓವೆನ್ ಮ್ಯಾಕ್‌ಲಾರೆನ್ ಎಂಬ ಬ್ರಿಟಿಷ್ ಎಂಜಿನಿಯರ್, 1965ರಲ್ಲಿ. ಅದಕ್ಕೂ ಮೊದಲು ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದವರು. ವಿಮಾನದ ಚಕ್ರ ಮಡಚುವವರಿಗೆ ಮಕ್ಕಳ ಗಾಡಿ ಯಾವ ಲೆಕ್ಕ ಅಲ್ವಾ? ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ ಹಿಡಿದು ಮೆಟ್ಟಿಲು ಹತ್ತಿದ ಮೊದಲ ದಿನ ನನಗೆ ಹೋದ ಜೀವ ಬಂದಂತಾಯಿತು.

ಆದರೆ ಹಗುರ ಅನ್ನೋದೇ ಒಂದು ದಿನ ಮುಳುವಾಯಿತು. ಹಿಡಿಕೆಗೆ ಸಾಮಾನಿನ ಚೀಲ ನೇತುಹಾಕಿದ್ದೆ. ಮಗಳ ಬೆಲ್ಟ್ ಬಿಚ್ಚಿ ಎತ್ತಿಕೊಂಡೆ, ಅಷ್ಟೇ. ಗಾಡಿ ಮುಂದಿನ ಚಕ್ರ ಎತ್ತಿ ಹಿಂದಕ್ಕೆ ಧಡ್ ಅಂತ ಬಿತ್ತು. ಅಲ್ಲಿಯವರೆಗೆ ಅದನ್ನು ನೆಲಕ್ಕೆ ಒತ್ತಿ ಹಿಡಿದಿದ್ದು ಮಗಳ ತೂಕವೇ. ಅವಳು ಕೂತಿದ್ದಾಗಲೇ ಚೀಲ ಇನ್ನೆರಡು ಕೆ.ಜಿ. ಜಾಸ್ತಿ ಇದ್ದಿದ್ದರೆ? ಆ ದಿನದಿಂದ ಹಿಡಿಕೆಗೆ ಏನನ್ನೂ ನೇತುಹಾಕಿಲ್ಲ.

ಅವಳಿಗೆ ಎರಡೂವರೆ ಆದಾಗ ತಮ್ಮ ಬರುವ ಸುದ್ದಿ. ಈಗ ಇಬ್ಬರು ಕೂರುವ ಗಾಡಿ ಬೇಕು ಅಂತ ಎಲ್ಲರೂ ಹೇಳಿದರು, ನಾವೂ ಹಾಗೇ ಅಂದುಕೊಂಡೆವು. ಈ ಸಲ ಮಾತ್ರ ಮೊದಲು ಟೇಪ್ ಹಿಡಿದೆ. ಅಕ್ಕಪಕ್ಕ ಸೀಟಿರುವ ಗಾಡಿಯ ಅಗಲ 76 ಸೆಂ.ಮೀ. ನಮ್ಮ ಬಾಗಿಲಿನ ಚೌಕಟ್ಟು 80. ಸಲೀಸಾಗಿ ಹಿಡಿಸುತ್ತದೆ ಅಂದುಕೊಂಡೆ. ಆಮೇಲೆ ಬಾಗಿಲನ್ನು ಪೂರ್ತಿ ತೆಗೆದು ಅಳೆದರೆ, ಬಾಗಿಲಿನ ದಪ್ಪ ಕಳೆದು ಉಳಿದದ್ದು 75! ಒಂದು ಸೆಂಟಿಮೀಟರಿಗೆ ಇಡೀ ಯೋಜನೆ ಬಿದ್ದುಹೋಯಿತು.

ಹಿಂದೊಂದು ಮುಂದೊಂದು ಸೀಟಿರುವ ಗಾಡಿ ಗೆಳತಿಯ ಬಳಿ ಇತ್ತು. ಕೊಳ್ಳುವ ಮೊದಲು ಒಂದು ವಾರಕ್ಕೆ ಕೇಳಿ ತಂದೆ. ಅಗಲದ ತಾಪತ್ರಯ ಇಲ್ಲ, ಉದ್ದದ್ದೇ ಕಷ್ಟ. ಫುಟ್‌ಪಾತ್ ಹತ್ತಿಸಬೇಕಾದರೆ ಹಿಡಿಕೆಯ ಮೇಲೆ ನನ್ನ ಇಡೀ ಭಾರ ಹಾಕಬೇಕಿತ್ತು. ಆದರೆ ಆ ವಾರ ಗೊತ್ತಾದ ದೊಡ್ಡ ಸಂಗತಿ ಬೇರೆ. ಮಗಳು ಹೋಗುವಾಗ ಕೂರುತ್ತಲೇ ಇರಲಿಲ್ಲ. ಓಡುತ್ತಿದ್ದಳು, ಕಲ್ಲು ಹೆಕ್ಕುತ್ತಿದ್ದಳು. ವಾಪಸ್ ಬರುವಾಗ ಕೊನೆಯ ಹತ್ತಿಪ್ಪತ್ತು ನಿಮಿಷ ಮಾತ್ರ “ಕಾಲು ನೋವು” ಶುರು. ಅಷ್ಟಕ್ಕೆ ಇನ್ನೊಂದು ಸೀಟನ್ನು ದಿನವಿಡೀ ಸುಮ್ನೆ ತಳ್ಳಬೇಕಾ?

ಕೊನೆಗೆ ಕೊಂಡದ್ದು ಒಂದೇ ಸೀಟಿನ ಗಾಡಿ. ಸೀಟು ಚಪ್ಪಟೆ ಮಲಗುತ್ತದೆ, ತೂಕ 8 ಕೆ.ಜಿ. ಹಿಂದೆ ಚಕ್ರವಿರುವ ಹಲಗೆ ಸಿಕ್ಕಿಸಿದರೆ ಮಗಳು ಅದರ ಮೇಲೆ ನಿಲ್ಲಬಹುದು. ನಮ್ಮ ಹಲಗೆ 20 ಕೆ.ಜಿ. ತಡೆಯುತ್ತದೆ. ಅದು ಎಲ್ಲಾ ಗಾಡಿಗೂ ಕೂರುವುದಿಲ್ಲ, ಗಾಡಿಯನ್ನು ಜೊತೆಗೇ ಒಯ್ದು ಹಾಕಿಸಿ ನೋಡಬೇಕು. ಮೊದಲ ವಾರ ಹೆಜ್ಜೆಹೆಜ್ಜೆಗೂ ನನ್ನ ಮೊಣಕಾಲ ಕೆಳಗಿನ ಮೂಳೆ ಹಲಗೆಗೆ ಬಡಿಯಿತು. ಆಮೇಲೆ ಕಾಲು ಅಗಲಿಸಿ ಬಾತುಕೋಳಿಯಂತೆ ನಡೆಯುವುದು ರೂಢಿಯಾಯಿತು.

ಈ ಮೂರನೆಯದನ್ನು ಕೊಳ್ಳುವಾಗ ಅಂಗಡಿಗೆ 10 ಕೆ.ಜಿ. ಪುಸ್ತಕ ತುಂಬಿದ ಚೀಲ ಹೊತ್ತುಕೊಂಡೇ ಹೋಗಿದ್ದೆ. ಅದನ್ನು ಸೀಟಿಗಿಟ್ಟು ಐದು ಪಟ್ಟಿಯ ಬೆಲ್ಟ್ ಬಿಗಿದು, ಹೊರಗಿನ ಒರಟು ನೆಲದಲ್ಲಿ ತಳ್ಳಿದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿ ಕೈಬಿಟ್ಟೆ. ನಂತರ ಚೀಲವನ್ನು ಸೊಂಟದ ಮೇಲೆ ಹೊತ್ತು, ಒಂದೇ ಕೈಯಲ್ಲಿ ಗಾಡಿ ಮಡಚಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ನೋಡಲಿ. ಎರಡು ಗಾಡಿ ಈ ಪರೀಕ್ಷೆಯಲ್ಲಿ ಫೇಲ್ ಆದವು. ಅದರಲ್ಲಿ ಒಂದು ನನಗೆ ತುಂಬಾ ಇಷ್ಟವಾಗಿತ್ತು. ಇನ್ನೊಂದು ಮಾತು: ಮಡಚುವಾಗ, ಬಿಚ್ಚುವಾಗ ಮಕ್ಕಳನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿ. ಕೀಲಿನ ಸಂದಿಯಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳಲು ಅರೆಗಳಿಗೆ ಸಾಕು.

ಈಗ ಮಗಳು ನಡೆದೇ ಬರುತ್ತಾಳೆ. ಮಗನಿಗೆ ಎರಡು ವರ್ಷ. ಅವನಿಗೆ ಸೀಟು ಬೇಡವಂತೆ, ಅಕ್ಕ ನಿಲ್ಲುತ್ತಿದ್ದ ಹಲಗೆಯೇ ಬೇಕಂತೆ. ನನ್ನ ಎರಡು ತೋಳಿನ ನಡುವೆ ಹಿಡಿಕೆ ಹಿಡಿದು ನಿಂತು ಬರುತ್ತಾನೆ. ಮುಂದಿನ ಸೀಟಿನಲ್ಲಿ ಸಾಮಾನಿನ ಚೀಲ ಬೆಲ್ಟ್ ಹಾಕಿಕೊಂಡು ಕೂತಿರುತ್ತದೆ.