ಕೊಡಗಿನ ಸಣ್ಣ ವರ್ಕ್‌ಶಾಪಿಗೆ ಸಿಎನ್‌ಸಿ ಮಿಲ್ಲಿಂಗ್ ಯಂತ್ರವನ್ನು ಆರಿಸುವ ಬಗೆ

ಸಿಎನ್‌ಸಿ ಮಿಲ್ಲಿಂಗ್ ಯಂತ್ರ, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹವನ್ನು ಕೊರೆಯುವ ಯಂತ್ರ, ನೋಡಲು ಬೆಂಗಳೂರಿನ ಪೀಣ್ಯಕ್ಕೋ ಮೈಸೂರಿನ ಹೆಬ್ಬಾಳಕ್ಕೋ ಹೊರಡುವ ಮುನ್ನ ಅಂಗಡಿಯ ಬಿಲ್ ಪುಸ್ತಕವನ್ನು ತೆರೆದಿಟ್ಟುಕೊಂಡು, ಹಿಂದಿನ ಒಂದು ವರ್ಷದಲ್ಲಿ ಬಂದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಪ್ರತಿ ಕೆಲಸದ ಮುಂದೆ ಲೋಹ ಯಾವುದು, ತುಂಡಿನ ಗಾತ್ರವೆಷ್ಟು, ಒಂದೇ ಬಗೆಯ ತುಂಡುಗಳು ಎಷ್ಟು ಬೇಕಾಗಿದ್ದವು, ಅಳತೆ ಎಷ್ಟು ನಿಖರವಾಗಿರಬೇಕಿತ್ತು ಎಂದು ಗುರುತು ಹಾಕಿದರೆ ಸಾಕು. ಯಾವ ಯಂತ್ರ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ. ಉಳಿದ ಅರ್ಧವನ್ನು ನಿಮ್ಮ ಅಂಗಡಿಗೆ ಬರುವ ಕರೆಂಟು ಮತ್ತು ನಮ್ಮ ಮಳೆ ತೀರ್ಮಾನಿಸುತ್ತವೆ. ಮಾರಾಟಗಾರರ ಕ್ಯಾಟಲಾಗಿನ ಸರದಿ ಇವೆಲ್ಲ ಮುಗಿದ ಮೇಲೆ ಬರಬೇಕು.

ಕೊಡಗಿನ ವರ್ಕ್‌ಶಾಪುಗಳಿಗೆ ಬರುವ ಕೆಲಸ ಹೆಚ್ಚಾಗಿ ತೋಟದ್ದು. ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ) ಶಾಫ್ಟ್, ಹಲ್ಲರಿನ (ಒಣಗಿದ ಕಾಫಿಯ ಹೊಟ್ಟು ತೆಗೆಯುವ ಯಂತ್ರದ) ಬೇರಿಂಗ್ ಹೌಸಿಂಗ್, ಸ್ಪ್ರೇಯರ್ ಪಂಪಿನ ಬಿಡಿಭಾಗ, ಕಳೆ ಕೊಚ್ಚುವ ಯಂತ್ರದ ಗೇರ್ ಕೇಸ್, ಹಳೆಯ ಜೀಪಿನ ಬ್ರಾಕೆಟ್ ಇಂಥವೇ ಹೆಚ್ಚು, ಅದರಲ್ಲೂ ಬಹುಪಾಲು ಒಂದೊಂದೇ ತುಂಡು. ನವೆಂಬರಿನಿಂದ ಮಾರ್ಚ್‌ವರೆಗಿನ ಕೊಯ್ಲಿನ ಕಾಲದಲ್ಲಿ ಪಲ್ಪರ್ ನಿಂತರೆ ಕಿತ್ತ ಹಣ್ಣು ಕಾಯುವುದಿಲ್ಲ. ಬೆಳಿಗ್ಗೆ ಶಾಫ್ಟ್ ತಂದ ತೋಟದವರಿಗೆ ಸಂಜೆಯೊಳಗೆ ಅದು ಬೇಕು. ಅಂಥ ಶಾಫ್ಟಿಗೆ ಒಂದು ಕೀವೇ (ಕೀ ಕೂರುವ ತೋಡು) ಕೊರೆಯುವುದಾದರೆ, ಸಿಎನ್‌ಸಿಯಲ್ಲಿ ಪ್ರೋಗ್ರಾಂ ಬರೆದು, ಜಾಬ್ ಕಟ್ಟಿ, ಅಳತೆ ಶುರುವಾಗುವ ಸೊನ್ನೆ ಬಿಂದು ಹಿಡಿಯುವಷ್ಟರಲ್ಲಿ ಕೈಯಿಂದ ತಿರುಗಿಸುವ ಮಿಲ್ಲಿಂಗ್ ಯಂತ್ರ ಆ ಕೆಲಸವನ್ನು ಮುಗಿಸಿಯೇ ಬಿಟ್ಟಿರುತ್ತದೆ. ಆದ್ದರಿಂದ ನಿಮ್ಮ ಹಾಳೆಯಲ್ಲಿ ಒಂಟಿ ತುಂಡುಗಳೇ ತುಂಬಿದ್ದರೆ, ಒಳ್ಳೆಯ ಎಂ1ಟಿಆರ್ ಯಂತ್ರಕ್ಕೆ (ಕೈಯಿಂದ ನಡೆಸುವ ಮಿಲ್ಲಿಂಗ್ ಯಂತ್ರದ ಒಂದು ಬಗೆ) ಡಿಆರ್‌ಒ (ಟೇಬಲ್ ಸರಿದ ಅಳತೆಯನ್ನು ಅಂಕಿಯಲ್ಲಿ ತೋರಿಸುವ ಸಾಧನ) ಹಾಕಿಸಿಕೊಂಡು ಉಳಿದ ಹಣವನ್ನು ಕೈಯಲ್ಲಿಟ್ಟುಕೊಳ್ಳುವುದೇ ಸರಿಯಾದ ನಿರ್ಧಾರ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಒಂದೇ ಭಾಗವನ್ನು ಇಪ್ಪತ್ತು, ಐವತ್ತು, ನೂರು ಮಾಡಿ ಮಾರುವ ಯೋಚನೆ ಇರುವವರು, ಇಲ್ಲವೇ ವಕ್ರ ಆಕಾರಗಳು ಮತ್ತು ಒಂದಕ್ಕೊಂದು ಸರಿಹೊಂದಬೇಕಾದ ರಂಧ್ರಗಳ ಕೆಲಸ ಬರುತ್ತಿರುವವರು ಮುಂದೆ ಓದಬೇಕು.

ಕೆಲಸದ ಪಟ್ಟಿ ಬರೆಯುವಾಗ ಕೋವಿಯ ಬಿಡಿಭಾಗಗಳನ್ನು ಅದರಲ್ಲಿ ಸೇರಿಸಬಾರದು. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ಬಗೆಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ತಯಾರಿಸಲು, ರಿಪೇರಿ ಮಾಡಲು ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕು. ತಿಳಿದವರೇ ತಂದುಕೊಟ್ಟರೂ ಪರವಾನಗಿಯಿಲ್ಲದ ಅಂಗಡಿಯವರು ಆ ಕೆಲಸವನ್ನು ಒಪ್ಪಿಕೊಳ್ಳುವಂತಿಲ್ಲ.

ಯಾವ ಬಗೆಯ ಯಂತ್ರ

ಕಡಿಮೆ ಬೆಲೆ ಎಂದು ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಮರ ಕೆತ್ತುವ ಸಿಎನ್‌ಸಿ ರೂಟರ್. ಬಾಗಿಲಿನ ಕೆತ್ತನೆಗೆ, ಹೋಮ್‌ಸ್ಟೇಗಳ ನಾಮಫಲಕಕ್ಕೆ ಅದು ತಕ್ಕ ಯಂತ್ರವೇ. ಆದರೆ ಅದರಲ್ಲಿ ಕಬ್ಬಿಣದ ಕೆಲಸವನ್ನೂ ಮಾಡಬಹುದು ಎಂಬ ಮಾತನ್ನು ನಂಬಬಾರದು, ಮತ್ತು ಏಕೆ ನಂಬಬಾರದು ಎಂಬುದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಮೈಲ್ಡ್ ಸ್ಟೀಲನ್ನು ಕಾರ್ಬೈಡ್ ಎಂಡ್ ಮಿಲ್‌ನಿಂದ ಕತ್ತರಿಸುವಾಗ ಹಲ್ಲಿನ ವೇಗ ನಿಮಿಷಕ್ಕೆ ಸುಮಾರು 100 ಮೀಟರ್ ಎಂದಿಟ್ಟುಕೊಂಡರೆ, 10 ಮಿಲಿಮೀಟರ್ ಕಟರಿಗೆ ಬೇಕಾಗುವುದು 3,200ರ ಆಸುಪಾಸಿನ ಆರ್‌ಪಿಎಂ (ನಿಮಿಷಕ್ಕೆ ಸುತ್ತು). ರೂಟರಿನ 2.2 ಕಿಲೋವ್ಯಾಟ್ ಸ್ಪಿಂಡಲ್ (ಕಟರನ್ನು ಹಿಡಿದು ತಿರುಗಿಸುವ ಭಾಗ) ಆ ಶಕ್ತಿಯನ್ನು ಕೊಡುವುದು 24,000 ಆರ್‌ಪಿಎಂನಲ್ಲಿ. ವೇಗವನ್ನು 3,000ಕ್ಕೆ ಇಳಿಸಿದರೆ ಶಕ್ತಿಯೂ ಎಂಟನೆಯ ಒಂದು ಭಾಗಕ್ಕೆ, ಅಂದರೆ 0.3 ಕಿಲೋವ್ಯಾಟಿಗೂ ಕೆಳಗೆ ಇಳಿಯುತ್ತದೆ. ಇದರ ಮೇಲೆ ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು ನಡುಗುತ್ತದೆ, ಕಟರ್ ಕತ್ತರಿಸುವ ಬದಲು ಉಜ್ಜುತ್ತದೆ, ಹಲ್ಲು ಸುಟ್ಟುಹೋಗುತ್ತದೆ.

ಮೇಜಿನ ಮೇಲೆ ಕೂರುವ ನೂರರಿಂದ ಮುನ್ನೂರು ಕಿಲೋ ತೂಕದ ಪುಟ್ಟ ಸಿಎನ್‌ಸಿ ಮಿಲ್‌ಗಳು ಸಿಂಗಲ್ ಫೇಸಿನಲ್ಲೇ ನಡೆಯುತ್ತವೆ. ಅಲ್ಯೂಮಿನಿಯಂ, ಹಿತ್ತಾಳೆ, ನೈಲಾನ್ ತುಂಡುಗಳಿಗೂ ಕಲಿಕೆಗೂ ಅವು ಸಾಕು. ಉಕ್ಕಿನ ಕೆಲಸಕ್ಕೆ ತೆಳುವಾಗಿ, ನಿಧಾನವಾಗಿ ಕೊರೆಯುವ ತಾಳ್ಮೆ ಬೇಕು. ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿರುವುದು ಹಳೆಯ ಎಂ1ಟಿಆರ್ ಯಂತ್ರಕ್ಕೆ ಬಾಲ್ ಸ್ಕ್ರೂ, ಸರ್ವೋ ಮೋಟಾರ್ ಮತ್ತು ಕಂಟ್ರೋಲರ್ ಕೂಡಿಸಿ ರೆಟ್ರೋಫಿಟ್ ಮಾಡಿದ್ದು. ಇದರ ಎರಕದ ಕಬ್ಬಿಣದ ಮೈ ಗಟ್ಟಿ. ಆದರೆ ಸ್ಲೈಡುಗಳು ಸವೆದಿದ್ದರೆ ಅವನ್ನು ಸ್ಕ್ರೇಪಿಂಗ್ ಮಾಡಿಸದೆ (ಕೆರೆದು ಸಮ ಮಾಡಿಸದೆ) ಮೇಲೆ ಎಷ್ಟೇ ದುಬಾರಿ ಮೋಟಾರ್ ಹಾಕಿದರೂ ಅಳತೆ ನಿಲ್ಲುವುದಿಲ್ಲ, ಹೀಗಾಗಿ ಸ್ಲೈಡಿನ ಸ್ಥಿತಿಯನ್ನು ಮೊದಲು ನೋಡಿ, ಎಲೆಕ್ಟ್ರಾನಿಕ್ಸನ್ನು ಆಮೇಲೆ ನೋಡಬೇಕು.

ನಿಜವಾದ ಉತ್ಪಾದನೆಗೆ ಬೇಕಾದದ್ದು ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್), ಅಂದರೆ ಸ್ಪಿಂಡಲ್ ನೆಟ್ಟಗಿರುವ ದೊಡ್ಡ ಸಿಎನ್‌ಸಿ ಮಿಲ್. ಬಿಟಿ30, ಬಿಟಿ40 ಎಂಬುವು ಸ್ಪಿಂಡಲಿನಲ್ಲಿ ಟೂಲ್ ಕೂರುವ ಜಾಗದ ಗಾತ್ರಗಳು. ಬಿಟಿ30 ಸ್ಪಿಂಡಲಿನದು ಚುರುಕು, ಚಿಕ್ಕ ಕಟರುಗಳಿಗೂ ಡ್ರಿಲ್ಲಿಂಗ್, ಟ್ಯಾಪಿಂಗಿಗೂ ಒಳ್ಳೆಯದು. ಬಿಟಿ40 ಸ್ಪಿಂಡಲಿನದು 50 ಮಿಲಿಮೀಟರಿನ ಫೇಸ್ ಮಿಲ್ ಹಾಕಿ ಉಕ್ಕನ್ನು ತೆಗೆಯಬಲ್ಲದು. ಆ ಫೇಸ್ ಮಿಲ್ ಸಾವಿರ ಆರ್‌ಪಿಎಂ ಸುತ್ತಮುತ್ತ ತಿರುಗುತ್ತದೆಯಾದ್ದರಿಂದ, ಕ್ಯಾಟಲಾಗಿನಲ್ಲಿ ಗರಿಷ್ಠ ಆರ್‌ಪಿಎಂ ಎಷ್ಟು ಎಂದು ನೋಡುವುದಕ್ಕಿಂತ ಕಡಿಮೆ ವೇಗದಲ್ಲಿ ಟಾರ್ಕ್ (ತಿರುಗಿಸುವ ಬಲ) ಎಷ್ಟು ಎಂದು ಕೇಳುವುದು ಮುಖ್ಯ. ಬಿಎಫ್‌ಡಬ್ಲ್ಯೂ, ಏಸ್, ಎಲ್‌ಎಂಡಬ್ಲ್ಯೂ, ಜ್ಯೋತಿ ಮುಂತಾದ ದೇಶೀ ತಯಾರಕರ ಸೆಕೆಂಡ್ ಹ್ಯಾಂಡ್ ವಿಎಂಸಿಗಳು ಬೆಂಗಳೂರು, ಕೊಯಮತ್ತೂರು ಮಾರುಕಟ್ಟೆಗಳಲ್ಲಿ ಸಿಗುತ್ತವೆ. ಹೆಸರೇ ಕೇಳದ ಹೊಸ ಆಮದು ಯಂತ್ರಕ್ಕಿಂತ, ಚೆನ್ನಾಗಿ ಪರೀಕ್ಷಿಸಿ ಕೊಂಡ ಹಳೆಯ ದೇಶೀ ವಿಎಂಸಿ ನಮ್ಮಂಥ ದೂರದ ಊರಿಗೆ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಬಿಡಿಭಾಗವೂ ಅದನ್ನು ಬಲ್ಲ ಮೆಕ್ಯಾನಿಕ್ಕೂ ಒಂದು ದಿನದ ಹಾದಿಯೊಳಗೆ ಇರುತ್ತಾರೆ.

ಕರೆಂಟು ಮತ್ತು ಮಳೆ

ಬಿಟಿ40 ಸ್ಪಿಂಡಲಿನ ಸಾಧಾರಣ ವಿಎಂಸಿಗೆ ತ್ರೀ ಫೇಸ್ ಸಂಪರ್ಕವೂ 15ರಿಂದ 20 ಕೆವಿಎ ಸಾಮರ್ಥ್ಯವೂ ಬೇಕಾಗುತ್ತದೆ. ನಿಮ್ಮ ಮೀಟರಿಗೆ ಮಂಜೂರಾದ ಲೋಡ್ ಎಷ್ಟು, ಅದನ್ನು ಹೆಚ್ಚಿಸಲು ಹತ್ತಿರದ ಟ್ರಾನ್ಸ್‌ಫಾರ್ಮರಿನಲ್ಲಿ ಅವಕಾಶವಿದೆಯೇ ಎಂಬುದನ್ನು ಸೆಸ್ಕ್ (ವಿದ್ಯುತ್ ಸರಬರಾಜು ನಿಗಮ) ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಉತ್ತರ ಬಂದ ಮೇಲೆ ಯಂತ್ರಕ್ಕೆ ಮುಂಗಡ ಕೊಡಬೇಕು. ಊರಿನ ಹೊರಗಿರುವ ಅಂಗಡಿಯವರು ತಮ್ಮ ಲೈನು ನೀರಾವರಿ ಪಂಪ್‌ಸೆಟ್ಟಿನ ಫೀಡರಿನದೋ ಅಲ್ಲವೋ ಎಂಬುದನ್ನೂ ತಿಳಿದುಕೊಳ್ಳಬೇಕು, ಏಕೆಂದರೆ ಅಂಥ ಫೀಡರಿನಲ್ಲಿ ತ್ರೀ ಫೇಸ್ ದಿನದ ಕೆಲವು ಗಂಟೆ ಮಾತ್ರ ಇರುತ್ತದೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಫೇಸಿನ ವೋಲ್ಟೇಜನ್ನು ಅಳೆದು ಬರೆದಿಟ್ಟರೆ ಸರ್ವೋ ಸ್ಟೆಬಿಲೈಸರ್ ಯಾವ ಮಟ್ಟದ್ದು ಬೇಕು ಎಂಬುದು ಊಹೆಯಿಲ್ಲದೆ ಗೊತ್ತಾಗುತ್ತದೆ. ಯಂತ್ರಕ್ಕೆಂದೇ ಪ್ರತ್ಯೇಕ ಅರ್ತಿಂಗ್ ಗುಂಡಿ, ಫೇಸ್ ತಪ್ಪಿದರೆ ಯಂತ್ರವನ್ನು ನಿಲ್ಲಿಸುವ ರಿಲೇ, ಮತ್ತು ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನಿಂದ ಡ್ರೈವುಗಳನ್ನು ಕಾಪಾಡುವ ಸರ್ಜ್ ಪ್ರೊಟೆಕ್ಟರ್, ಇವು ಮೂರನ್ನೂ ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು.

ಗಾಳಿಮಳೆಗೆ ಮರ ಬಿದ್ದು ಲೈನು ಹರಿದರೆ ಕೆಲವೊಮ್ಮೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಫ್ಯಾನಕ್‌ನಂಥ ಕಂಟ್ರೋಲರುಗಳಲ್ಲಿ ಪ್ಯಾರಾಮೀಟರುಗಳನ್ನೂ (ಯಂತ್ರದ ಸೆಟ್ಟಿಂಗುಗಳನ್ನೂ) ಅಕ್ಷಗಳ ಹೋಮ್ ಸ್ಥಾನವನ್ನೂ ಕಾದಿಡುವುದು ಬ್ಯಾಟರಿ. ಅದು ಹಳೆಯದಾಗಿದ್ದಾಗ ಕರೆಂಟು ಹೋದರೆ ಯಂತ್ರ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ, ಯಂತ್ರ ಚಾಲೂ ಇರುವಾಗಲೇ, ಬ್ಯಾಟರಿ ಬದಲಿಸುವ ರೂಢಿ ಇಟ್ಟುಕೊಳ್ಳಬೇಕು. ಕೊಳ್ಳುವ ದಿನವೇ ಎಲ್ಲ ಪ್ಯಾರಾಮೀಟರುಗಳ ಪ್ರತಿಯನ್ನು ಪಡೆದು ಎರಡು ಕಡೆ ಇಡಬೇಕು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು, ಕುಶಾಲನಗರದ ಕಡೆ ಬಹಳ ಕಡಿಮೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಗಾಳಿಯಲ್ಲಿ ಬರಿಮೈ ಎರಕದ ಟೇಬಲ್ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಆದ್ದರಿಂದ ಸುತ್ತ ಮುಚ್ಚಿದ ಕವಚವಿರುವ, ಗೈಡ್ ಮತ್ತು ಸ್ಕ್ರೂಗಳಿಗೆ ತಾನಾಗಿ ಎಣ್ಣೆ ಹರಿಸುವ ವ್ಯವಸ್ಥೆಯಿರುವ ಯಂತ್ರವನ್ನೇ ಆರಿಸಬೇಕು. ಎಲೆಕ್ಟ್ರಿಕ್ ಪ್ಯಾನೆಲಿನ ಬಾಗಿಲಿನ ರಬ್ಬರ್ ಹಾಳಾಗದೆ ಬಿಗಿಯಾಗಿ ಮುಚ್ಚುತ್ತದೆಯೇ ಎಂದು ನೋಡಿ, ಒಳಗೆ ಚಿಕ್ಕ ಹೀಟರೊಂದನ್ನು ಹಾಕಿಸಿದರೆ ಡ್ರೈವುಗಳ ಮೇಲೆ ತೇವ ಕೂರುವುದಿಲ್ಲ. ಕಂಪ್ರೆಸರಿನ ಟ್ಯಾಂಕಿನಲ್ಲಿ ಮಳೆಗಾಲದಲ್ಲಿ ಸೇರುವ ನೀರನ್ನು ದಿನವೂ ಬಿಡದಿದ್ದರೆ ಅದು ನೇರವಾಗಿ ಟೂಲ್ ಬಿಡಿಸುವ ಸಿಲಿಂಡರಿಗೆ ಹೋಗುತ್ತದೆ. ಏರ್ ಡ್ರೈಯರ್ ನಮಗೆ ಆಡಂಬರವಲ್ಲ. ಕೂಲಂಟಿನ (ಕಟರನ್ನು ತಂಪಾಗಿಡುವ ದ್ರವದ) ಸಾಂದ್ರತೆಯನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡುತ್ತಾ, ತಯಾರಕರು ಹೇಳಿದ ಮಟ್ಟಕ್ಕಿಂತ ತೆಳುವಾಗಲು ಬಿಡಬಾರದು. ಮಳೆನೀರಿನಂಥ ಮೆದು ನೀರಿನಲ್ಲಿ ಕೂಲಂಟ್ ನೊರೆ ಕಟ್ಟುವುದರಿಂದ ಮೆದು ನೀರಿಗೆ ಹೊಂದುವ ಬಗೆಯನ್ನೇ ಕೇಳಿ ತರಬೇಕು.

ನೆಲ ಮತ್ತು ದಾರಿ

ಚಿಕ್ಕ ವಿಎಂಸಿಯೂ ಟನ್ನುಗಟ್ಟಲೆ ತೂಗುತ್ತದೆ. ಗುಡ್ಡ ಕಡಿದು ಸಮ ಮಾಡಿದ ನಿವೇಶನದಲ್ಲಿ ಅರ್ಧ ಭಾಗ ಕಡಿದ ಗಟ್ಟಿ ನೆಲ, ಇನ್ನರ್ಧ ತುಂಬಿದ ಸಡಿಲ ಮಣ್ಣು. ಯಂತ್ರ ಕಡಿದ ನೆಲದ ಮೇಲೇ ಕೂರಬೇಕು. ತುಂಬಿದ ಮಣ್ಣು ಮಳೆಗೆ ಕುಸಿದಂತೆಲ್ಲ ಲೆವೆಲ್ ತಪ್ಪಿ ಯಂತ್ರದ ಮೈ ತಿರುಚಿಕೊಳ್ಳುತ್ತದೆ. ಜಿಲ್ಲೆಯಲ್ಲಿ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹೇರುವುದುಂಟು, ಹಾಗಾಗಿ ಜನವರಿಯಿಂದ ಏಪ್ರಿಲಿನೊಳಗೆ ಯಂತ್ರ ಅಂಗಡಿ ಸೇರುವಂತೆ ಲೆಕ್ಕ ಹಾಕಬೇಕು. ಕೊನೆಯ ತಿರುವಿನಲ್ಲಿ ಲಾರಿಯೂ ಕ್ರೇನೂ ತಿರುಗುತ್ತವೆಯೇ ಎಂದು ಟೇಪು ಹಿಡಿದು ಅಳೆಯಿರಿ.

ಹಳೆಯ ಯಂತ್ರದ ಪರೀಕ್ಷೆ

ಬಣ್ಣ ಹೊಡೆದ ಯಂತ್ರವನ್ನು ಕಂಡು ಮರುಳಾಗದೆ, ಚೀಲದಲ್ಲಿ ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್, ಟೆಸ್ಟ್ ಮ್ಯಾಂಡ್ರಿಲ್ (ಸ್ಪಿಂಡಲಿಗೆ ಹಾಕಿ ಅಳೆಯುವ ನಿಖರವಾದ ಸರಳು) ಮತ್ತು ಒಂದು ಟಾರ್ಚ್ ಇಟ್ಟುಕೊಂಡು ಹೋಗಬೇಕು. ಮೊದಲು ಟೆಲಿಸ್ಕೋಪಿಕ್ ಕವರುಗಳನ್ನು ಬಿಚ್ಚಲು ಹೇಳಿ, ಎಲ್‌ಎಂ ಗೈಡುಗಳ (ಟೇಬಲ್ ಸರಿಯುವ ಹಳಿಗಳ) ಮೇಲೆ ಟಾರ್ಚ್ ಹಾಯಿಸಿ ನೋಡಿ. ತೆಳುವಾದ ಎಣ್ಣೆಯ ಪದರ ಇರಬೇಕು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಅಲ್ಲಿಂದಲೇ ಹಿಂದಿರುಗಬಹುದು. ಆಮೇಲೆ ಡಯಲ್ ಗೇಜಿನ ಮುಳ್ಳನ್ನು ಟೇಬಲಿನ ಅಂಚಿಗೆ ತಾಗಿಸಿ, ಹ್ಯಾಂಡ್‌ವೀಲಿನಲ್ಲಿ 0.01 ಮಿಲಿಮೀಟರಿನ ಹೆಜ್ಜೆಗಳಲ್ಲಿ ಒಂದು ಕಡೆಗೆ ಹತ್ತು ಹೆಜ್ಜೆ ನಡೆಸಿ, ಮತ್ತೆ ಹಿಂದಕ್ಕೆ ತನ್ನಿ. ತಿರುಗಿದ ಮೊದಲ ಹೆಜ್ಜೆಗೇ ಮುಳ್ಳು ಅಲ್ಲಾಡಿದರೆ ಒಳ್ಳೆಯದು. ಆದರೆ ಅಷ್ಟಕ್ಕೇ ತೃಪ್ತರಾಗಬಾರದು. ಸವೆದ ಸ್ಕ್ರೂವಿನ ಆಟವನ್ನು ಕಂಟ್ರೋಲರಿನಲ್ಲಿ ಸಂಖ್ಯೆ ತುಂಬಿ ಮರೆಮಾಡಬಹುದು. ಫ್ಯಾನಕ್ ಆದರೆ ಪ್ಯಾರಾಮೀಟರ್ 1851 ತೆರೆದು ಪ್ರತಿ ಅಕ್ಷಕ್ಕೂ ಎಷ್ಟು ಬ್ಯಾಕ್‌ಲ್ಯಾಶ್ ತುಂಬಿದ್ದಾರೆ ಎಂದು ನೋಡಿ. ಸಾಮಾನ್ಯವಾಗಿ ಆ ಸಂಖ್ಯೆ ಮೈಕ್ರಾನಿನಲ್ಲಿರುತ್ತದೆ. ಅದು ನೂರರ ಮೇಲಿದ್ದರೆ ಸ್ಕ್ರೂ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಲೇಬೇಕು.

ಸ್ಪಿಂಡಲಿಗೆ ಮ್ಯಾಂಡ್ರಿಲ್ ಹಾಕಿ ಕೈಯಿಂದ ತಿರುಗಿಸಿ ರನ್‌ಔಟ್ (ತಿರುಗುವಾಗಿನ ಓಲಾಟ) ಅಳೆಯಿರಿ. ಮೂತಿಯ ಬಳಿ ಅದು 0.01 ಮಿಲಿಮೀಟರಿಗಿಂತ ಸಾಕಷ್ಟು ಕೆಳಗಿರಬೇಕು. ಬಳಿಕ ಅರ್ಧ ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ ಸದ್ದು ಆಲಿಸಿ. ಕೊನೆಯಲ್ಲಿ ಅಲ್ಯೂಮಿನಿಯಂ ತುಂಡಿನಲ್ಲಿ 100 ಮಿಲಿಮೀಟರ್ ವ್ಯಾಸದ ವೃತ್ತವೊಂದನ್ನು ಕೊರೆಸಿ, ಅದರ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಅಕ್ಷ ದಿಕ್ಕು ಬದಲಿಸುವ ನಾಲ್ಕು ಬಿಂದುಗಳಲ್ಲಿ ಉಗುರಿಗೆ ಮೆಟ್ಟಿಲು ಸಿಕ್ಕರೆ, ಮಾರುವವರು ಬಾಯಲ್ಲಿ ಏನೇ ಹೇಳಿದರೂ ಯಂತ್ರ ತನ್ನ ಸ್ಥಿತಿಯನ್ನು ಅಲ್ಲಿ ಬರೆದಿಟ್ಟಿದೆ.

ಹಣದ ಲೆಕ್ಕ

ಯಂತ್ರದ ಬೆಲೆಯ ಮೇಲೆ ಇನ್ನೂ ಕಾಲು ಭಾಗದಷ್ಟನ್ನು ವೈಸ್, ಟೂಲ್ ಹೋಲ್ಡರ್, ಕಾಲೆಟ್, ಕಟರ್, ಕಂಪ್ರೆಸರ್, ಸ್ಟೆಬಿಲೈಸರ್ ಮತ್ತು ಕ್ಯಾಮ್ ಸಾಫ್ಟ್‌ವೇರಿಗೆ (ಚಿತ್ರದಿಂದ ಯಂತ್ರದ ಪ್ರೋಗ್ರಾಂ ತಯಾರಿಸುವುದಕ್ಕೆ) ತೆಗೆದಿಡುವುದು ಕ್ಷೇಮ. ಜಿಎಸ್‌ಟಿ ನೋಂದಣಿ ಇದ್ದವರು ಯಂತ್ರದ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದಾದ್ದರಿಂದ ಸರಿಯಾದ ಬಿಲ್ ಇಲ್ಲದ ಅಗ್ಗದ ವ್ಯವಹಾರ ಕೊನೆಗೆ ಅಗ್ಗವಾಗಿರುವುದಿಲ್ಲ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಮಾಡಿಸಿ, ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ) ಯೋಜನೆಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ಅದರಲ್ಲಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡಾ 25, ಮಹಿಳೆಯರು ಸೇರಿದಂತೆ ವಿಶೇಷ ವರ್ಗದವರಿಗೆ ಶೇಕಡಾ 35 ಸಹಾಯಧನವನ್ನು ನಿಗದಿ ಮಾಡಿದ್ದಾರೆ. ಹಳೆಯ ಯಂತ್ರಕ್ಕೆ ಸಾಲ ಕೊಡುತ್ತಾರೆಯೇ ಎಂಬುದನ್ನು ಬ್ಯಾಂಕಿನಲ್ಲಿ ಬರವಣಿಗೆಯಲ್ಲೇ ಕೇಳಿ.

ಯಂತ್ರ ನಡೆಸುವವರ ತರಬೇತಿಗೆ ಮೈಸೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಬಹುದು. ಯಂತ್ರ ಬರುವ ಮೊದಲೇ ಮನೆಯವರನ್ನೋ ಕೆಲಸದ ಹುಡುಗರನ್ನೋ ಕಳಿಸಿದರೆ ಕಂತು ಶುರುವಾದ ದಿನವೇ ಕೆಲಸವೂ ಶುರುವಾಗುತ್ತದೆ. ಖರೀದಿ ಪತ್ರದಲ್ಲಿ ಸಾಗಣೆ, ಇಳಿಸುವಿಕೆ, ಲೆವೆಲಿಂಗ್ ಯಾರ ಖರ್ಚು, ಕೆಟ್ಟರೆ ಎಷ್ಟು ದಿನದೊಳಗೆ ಮೆಕ್ಯಾನಿಕ್ ಬರಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಅದರೊಂದಿಗೆ, ಹಣದ ಕೊನೆಯ ಹತ್ತನೆಯ ಒಂದು ಭಾಗವನ್ನು ಯಂತ್ರವು ನಿಮ್ಮದೇ ನೆಲದ ಮೇಲೆ, ನಿಮ್ಮದೇ ಕರೆಂಟಿನಲ್ಲಿ, ನಿಮ್ಮ ಪಟ್ಟಿಯ ಒಂದು ನಿಜವಾದ ಜಾಬನ್ನು ಅಳತೆಗೆ ಸರಿಯಾಗಿ ಮಾಡಿ ತೋರಿಸಿದ ಮೇಲೆ ಕೊಡುವುದಾಗಿ ನಮೂದಿಸಿ, ಎರಡೂ ಕಡೆಯವರು ಸಹಿ ಹಾಕಬೇಕು.