ಗೌರಿ ಲಂಟಾನ ತಿಂದದ್ದು

ನಮ್ಮದು ಕಾರ್ಕಳದ ಹತ್ರ, ಮನೆ ಹಿಂದೆ ಕುಮ್ಕಿ ಗುಡ್ಡೆ (ನಮ್ಮ ಜಾಗಕ್ಕೆ ತಾಗಿದ ಸರ್ಕಾರಿ ಗುಡ್ಡೆ) ಉಂಟು, ಅಜ್ಜನ ಕಾಲದಿಂದ ದನ ಬಿಡೋದು ಅಲ್ಲಿಗೇ. ಎಲ್ಲ ಮಲೆನಾಡು ಗಿಡ್ಡ, ಇಲ್ಲಿನದ್ದೇ ಸಣ್ಣ ತಳಿ, ಬೆಳಿಗ್ಗೆ ಹೋಗಿ ಸಂಜೆ ತಾವೇ ಹಟ್ಟಿಗೆ ಬರ್ತಾವೆ. ಗುಡ್ಡೆ ತುಂಬ ಲಂಟಾನ ಅನ್ನುವ ವಿಷದ ಪೊದೆ ಇದ್ರೂ ಅವು ಬಾಯಿ ಹಾಕೋದಿಲ್ಲ, ಹಾಗಾಗಿ ನಾವೂ ತಲೆಕೆಡಿಸಿಕೊಂಡದ್ದಿಲ್ಲ.

ಎರಡು ವರ್ಷದ ಹಿಂದೆ ಡೈರಿಗೆ ಜಾಸ್ತಿ ಹಾಲು ಹಾಕುವ ಅಂತ ಘಟ್ಟದ ಮೇಲಿಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ದನ ಒಂದು ತಂದೆ, ಗೌರಿ, ಕಪ್ಪು ಬಿಳಿ, ದಿನಕ್ಕೆ 9 ಲೀಟರ್. ಕಟ್ಟಿ ಸಾಕಿದ ದನ ಅದು. ಎಪ್ರಿಲಲ್ಲಿ ಬೈಹುಲ್ಲು ಮುಗೀತಾ ಬಂತು, ಗಿಡ್ಡಗಳ ಜೊತೆ ಹೋಗ್ಲಿ ಅಂತ ಬಿಟ್ಟೆ. ಮುಳಿಹುಲ್ಲು ಒಣಗಿ ಕಡ್ಡಿ, ಹಸಿರು ಕಾಣೋದು ಲಂಟಾನ ಒಂದೇ. ಹಸಿದ ದನ, ಗುಡ್ಡೆ ಹೊಸತು, ಎಂತ ಮಾಡ್ತದೆ ಹೇಳಿ.

ಮೂರನೇ ದಿನ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಟ್ರೆ ಮೂಸಲೂ ಇಲ್ಲ, ಮೆಲುಕು ನಿಂತಿದೆ, ಸೆಗಣಿ ಗಟ್ಟಿ. ಅಜೀರ್ಣ ಅಂತ ಓಮ ಶುಂಠಿ ಅರೆದು ಕುಡಿಸಿ ಎರಡು ದಿನ ಹಾಳು ಮಾಡಿದ್ದು ನಾನೇ, ಗಾಳಿ ಬರ್ಲಿ ಅಂತ ಅಂಗಳದ ಬಿಸಿಲಿಗೆ ಕಟ್ಟಿದ್ದೂ ನಾನೇ. ಆಮೇಲೆ ನೋಡ್ತೇನೆ, ಕಣ್ಣು ಹಳದಿ, ಮೂತ್ರ ಕಡು ಹಳದಿ, ಮೈಯಲ್ಲಿ ಬಿಳಿ ಇದ್ದಲ್ಲೆಲ್ಲ ಕೆಂಪಾಗಿ ಬಾತು ಚರ್ಮ ಒಡೀತಾ ಉಂಟು, ತಾಗಿಕೊಂಡೇ ಇರುವ ಕಪ್ಪಿಗೆ ಎಂತದೂ ಇಲ್ಲ, ಗೆರೆ ಎಳೆದ ಹಾಗೆ ಮಾರಾಯ್ರೆ! ಕೆಚ್ಚಲು ಮುಟ್ಟಿದ್ರೆ ಒದೆ.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ. ಡಾಕ್ಟ್ರು ಬಂದವರೇ "ಮೊದ್ಲು ಒಳಗೆ ನೆರಳಿಗೆ ಕಟ್ಟಿ ಮಾರಾಯ್ರೆ" ಅಂದ್ರು, ಇಂಜೆಕ್ಷನ್ ಎಲ್ಲ ಆಮೇಲೆ. ಲಂಟಾನದ ವಿಷ ಲಿವರಿಗೆ ಹೊಡೆದು ಪಿತ್ತ ಹರಿಯೋದು ನಿಲ್ತದೆ, ಸೊಪ್ಪಿನ ಹಸಿರು ಹೊಟ್ಟೆಯಲ್ಲಿ ಒಡೆದು ಹುಟ್ಟುವ ಒಂದು ವಸ್ತು ಪಿತ್ತದ ಜೊತೆ ಹೊರಗೆ ಹೋಗ್ಬೇಕಾದ್ದು ರಕ್ತಕ್ಕೆ ಸೇರಿ ಚರ್ಮಕ್ಕೆ ಬರ್ತದೆ, ಅಲ್ಲಿ ಬಿಸಿಲು ತಾಗಿದ್ರೆ ಸುಟ್ಟ ಹಾಗೆ ಆಗ್ತದಂತೆ. ಕಪ್ಪು ಚರ್ಮ ಬಿಸಿಲನ್ನು ತಡ್ಕೊಳ್ತದೆ. ಇನ್ನೊಂದು, ಹೊಟ್ಟೆ ಕೆಲಸ ನಿಲ್ಲಿಸಿರ್ತದಲ್ಲ, ತಿಂದ ಸೊಪ್ಪು ಅಲ್ಲೇ ಕೂತು ವಿಷ ಬಿಡ್ತಾನೇ ಇರ್ತದೆ. ಅದಕ್ಕೆ ಆಕ್ಟಿವೇಟೆಡ್ ಚಾರ್ಕೋಲ್ (ವಿಷ ಹೀರುವ ಹಾಗೆ ಹದ ಮಾಡಿದ ಇದ್ದಿಲಿನ ಪುಡಿ), ಕಿಲೋ ತೂಕಕ್ಕೆ 5 ಗ್ರಾಂ, ಗೌರಿ 350 ಕಿಲೋ ಅಂತ ಹಿಡಿದು ಒಂದೂಮುಕ್ಕಾಲು ಕಿಲೋ ನೀರಲ್ಲಿ ಕಲಸಿ ಪೈಪಲ್ಲಿ ಹೊಟ್ಟೆಗೇ ಬಿಟ್ರು. ಮನೆಯ ತೆಂಗಿನ ಗೆರಟೆ ಮಸಿ ಆಗ್ತದಾ ಅಂತ ಕೇಳಿ ಬೈಸಿಕೊಂಡೆ. (ಆ ಚಾರ್ಕೋಲನ್ನೂ ಗೆರಟೆಯಿಂದ ಮಾಡ್ತಾರಂತೆ, ಆದ್ರೆ ಹದ ಮಾಡೋದು ಬೇರೆ.)

ಮೂರು ವಾರ ಹಟ್ಟಿಯ ಕಿಟಕಿಗೆ ಗೋಣಿ ಕಟ್ಟಿ ಕತ್ತಲಲ್ಲೇ ಇಟ್ಟೆ, ಹಸಿರು ಬಂದ್, ಸಾಲ ಮಾಡಿ ತಂದ ಬೈಹುಲ್ಲು. ನೊಣ ಕೂರ್ದ ಹಾಗೆ ಮುಲಾಮು ಹಚ್ಚೋದೇ ದೊಡ್ಡ ಕೆಲಸ, ಬೆನ್ನಿನ ಚರ್ಮ ಹಪ್ಪಳದ ಹಾಗೆ ಎದ್ದು ಬಂತು. ಜೀವ ಉಳೀತು, ಆ ಸೂಲಿನ ಹಾಲು ಮಾತ್ರ ಹೋಯ್ತು.

ಈಗ ಗೌರಿ ಗುಡ್ಡೆಗೆ ಹೋಗೋದು ಹೊಟ್ಟೆ ತುಂಬ ಬೈಹುಲ್ಲು ತಿಂದ ಮೇಲೆ, ನಾನೂ ಹಿಂದೆ. ಲಂಟಾನವನ್ನು ಕತ್ತಿಯಲ್ಲಿ ಕಡಿದ್ರೆ ಮತ್ತೆ ಚಿಗುರ್ತದೆ, ಜೂನಲ್ಲಿ ಮಣ್ಣು ಮೆತ್ತಗಾದಾಗ ಪಿಕ್ಕಾಸಲ್ಲಿ ಬುಡ ಸಮೇತ ಕೀಳ್ಬೇಕು. ಕಿತ್ತದ್ದನ್ನು ಹಟ್ಟಿಗೆ ಸೊಪ್ಪು ಅಂತ ಹಾಕ್ಬೇಡಿ, ಒಣಗಿದ್ರೂ ವಿಷ ಹೋಗೋದಿಲ್ಲ. ಅರ್ಧ ಗುಡ್ಡೆ ಆಗಿದೆ, ತೋಡಿನ ಬದಿಯದ್ದು ಇನ್ನೂ ಬಾಕಿ, ಅಲ್ಲಿ ಪಿಕಳಾರ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸ್ತಾನೇ ಉಂಟು.